ಹಿಂದಿನ ಲೈನರ್ ತೆಗೆದೆ, ಮುಂದಿನದು ಉಳಿಸಿಕೊಂಡೆ

ಹಳೇ ಗಾಡಿಯನ್ನು ಮನೆ ಥರ ಮಾಡಿಕೊಂಡು ತಿರುಗುವ ನಾಲ್ಕು ಜನ ಒಂದು ಕಡೆ ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತೆ. ವೀಲ್ ಆರ್ಚ್ ಒಳಗಿನ ಲೈನರ್ ಇರಬೇಕಾ, ಕಿತ್ತು ಹಾಕಬೇಕಾ? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನೀವು ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಕಡೆಯವರಾಗಿದ್ದರೆ, ನಿಮ್ಮ ಗಾಡಿಯ ಬಾಡಿ ಕಬ್ಬಿಣದ ತಗಡಿನದಾಗಿದ್ದರೆ, ಹಿಂದಿನ ಎರಡೂ ಲೈನರ್ ತೆಗೆಯಿರಿ. ಮುಂದಿನ ಎರಡನ್ನು ಇಟ್ಟುಕೊಳ್ಳಿ, ಆದರೆ ಬೇಕೆಂದಾಗ ಬಿಚ್ಚುವ ಹಾಗೆ ಕೂರಿಸಿಕೊಳ್ಳಿ.

ಗೊತ್ತಿಲ್ಲದವರಿಗೆ ಒಂದು ಮಾತು. ಚಕ್ರದ ಮೇಲೆ ಕಮಾನಿನ ಹಾಗೆ ಬಾಗಿರುವ ತಗಡು ವೀಲ್ ಆರ್ಚ್. ಅದರ ಒಳಮೈಗೆ, ಟೈರಿನ ಕಡೆಗೆ, ಇನ್ನೊಂದು ಪದರ ಹಾಕಿರುತ್ತಾರೆ. ಪ್ಲಾಸ್ಟಿಕ್ಕಿನದೋ ಫೈಬರಿನದೋ ಇರುತ್ತೆ. ಅದೇ ಲೈನರ್. ಟೈರು ಎಸೆಯುವ ನೀರು, ಕೆಸರು, ಜಲ್ಲಿ ನೇರವಾಗಿ ತಗಡಿಗೆ ಬಡಿಯದಿರಲಿ ಅಂತ ಅದು ಇರೋದು.

ನಮ್ಮದು ಮೆಟಡೋರ್. ಜರ್ಮನಿಯ ಹಾನೊಮಾಗ್ ವ್ಯಾನಿನ ವಿನ್ಯಾಸ ತಂದು ಪುಣೆಯ ಬಜಾಜ್ ಟೆಂಪೋದವರು ಇಲ್ಲಿ ಮಾಡಿ ಮಾರಿದ ಗಾಡಿ. ಆ ಕಂಪನಿಗೆ 2005ರಲ್ಲಿ ಫೋರ್ಸ್ ಮೋಟರ್ಸ್ ಅಂತ ಹೆಸರಾಯಿತು. ನಮ್ಮ ಕಡೆ ಒಂದು ಕಾಲದಲ್ಲಿ ಹಳ್ಳಿಗೆ ಹೋಗುವ ಟೆಂಪೋ ಅಂದರೆ ಇದೇ, ಮದುವೆ ದಿಬ್ಬಣಕ್ಕೂ ಇದೇ, ಮೀನು ಸಾಗಿಸೋಕೂ ಇದೇ. ಈಗ ಓಡುವ ಸ್ಥಿತಿಯಲ್ಲಿ ಸಿಗೋದು ಅಪರೂಪ. ನನ್ನ ಕೈಗೆ ಬರುವ ಹೊತ್ತಿಗೆ ಯಾರೋ ಅದಕ್ಕೆ ಮಂಚ, ಅಡುಗೆ ಕಟ್ಟೆ, ನೀರಿನ ಟಾಕಿ ಎಲ್ಲ ಕೂರಿಸಿ ಮನೆ ಮಾಡಿದ್ದರು. ನಾಲ್ಕೂ ಚಕ್ರದ ಮೇಲೆ ಫೈಬರ್ ಲೈನರ್ ಹಾಕಿಸಿದ್ದೂ ಅವರೇ. ಹೊರಗಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತಿತ್ತು.

ತೆಗೆಯಬೇಕಾ ಬೇಡವಾ ಅಂತ ಕೇಳಿದಾಗ ಎರಡು ಬಾಯಿಂದ ಎರಡು ಉತ್ತರ ಬಂತು. ಅಂಕೋಲಾದಲ್ಲಿ ಟಿಂಕರಿಂಗ್ ಮಾಡುವ ಗೆಳೆಯರೊಬ್ಬರು ಗಾಡಿ ಕೆಳಗೆ ಬಗ್ಗಿ ನೋಡಿದ ಕೂಡಲೇ "ತೆಗ್ದ್ ಬಿಡಿ ಮಾರಾಯ್ರೇ, ಎಂತಕ್ಕೆ ಬೇಕು ಅದು? ಒಳಗೆ ತುಕ್ಕು ಸಾಕೂಕಾ?" ಅಂದರು. ಶಿರಸಿಯ ಚಿಕ್ಕಪ್ಪ ಫೋನಿನಲ್ಲಿ ಅದಕ್ಕೆ ಪೂರ್ತಿ ಉಲ್ಟಾ. "ತೆಗ್ಯಡ ತಮಾ, ಕಲ್ಲು ಹೊಡದ್ರೆ ತಗಡು ಉಳೀತಿಲ್ಲೆ." ಇಬ್ಬರೂ ಹಳೇ ಗಾಡಿ ಕಂಡವರು, ಇಬ್ಬರೂ ಸುಮ್ನೆ ಮಾತಾಡುವವರಲ್ಲ. ಅವರವರ ಊರಿನ ಲೆಕ್ಕದಲ್ಲಿ ಇಬ್ಬರೂ ಹೇಳಿದ್ದು ಸರಿಯೇ. ಹಾಗಾಗಿ ಊರಿನ ವಿಷಯ ಮೊದಲು ನೋಡಬೇಕು.

ಶಿರಸಿ ಕಡೆ ಮಳೆ ಭರ್ಜರಿ, ಕೆಸರು ಜಾಸ್ತಿ, ತೋಟದ ಮನೆಗಳ ರಸ್ತೆಯಲ್ಲಿ ಚಿರೇಕಲ್ಲಿನ ಚೂರು ಹಾಸಿರುತ್ತಾರೆ. ದೇವಿಮನೆ ಘಟ್ಟದಲ್ಲಂತೂ ರಸ್ತೆ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ನಡೆದು, ಜಲ್ಲಿ ಟೈರಿನಿಂದ ಸಿಡಿದು ತಗಡಿಗೆ ಬಡಿಯುವ ಸದ್ದು ಕೇಳುತ್ತಲೇ ಹತ್ತಬೇಕಿತ್ತು. ಕಲ್ಲು ಬಡಿದ ಕಡೆ ಪೇಂಟು ಹಾರುತ್ತೆ, ಪೇಂಟು ಹಾರಿದ ಕಡೆ ತುಕ್ಕು ಶುರುವಾಗುತ್ತೆ. ಅಲ್ಲಿ ಲೈನರ್ ಬೇಕು ಅನ್ನೋದರಲ್ಲಿ ತಪ್ಪೇನಿಲ್ಲ. ಆದರೆ ಶಿರಸಿಯ ಕೆಸರಿನಲ್ಲಿ ಉಪ್ಪಿಲ್ಲ. ಮಳೆ ಬಿಟ್ಟು ಬಿಸಿಲು ಬಂದರೆ ಆ ಕೆಸರು ಒಣಗುತ್ತೆ, ಒಣಗಿದ ಮೇಲೆ ತುಕ್ಕೂ ನಿಧಾನವಾಗುತ್ತೆ.

ಕರಾವಳಿಯ ಕಥೆ ಬೇರೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜೊತೆಗೆ ಸಮುದ್ರದ ಗಾಳಿ. ಅಡುಗೆ ಉಪ್ಪಿಗೆ ಒಂದು ಗುಣ ಇದೆ: ಗಾಳಿಯ ತೇವಾಂಶ ಶೇಕಡ 75 ದಾಟಿತು ಅಂದರೆ ಅದು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗೋಕೆ ಶುರು ಮಾಡುತ್ತೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯೋದು ಇದಕ್ಕೇ. ನಮ್ಮಲ್ಲಿ ಆ ನಾಲ್ಕು ತಿಂಗಳು ಗಾಳಿಯ ತೇವ ಆ ಮಟ್ಟದಿಂದ ಇಳಿಯೋದೇ ಅಪರೂಪ. ಅಂದರೆ ಉಪ್ಪು ಬೆರೆತ ಮಣ್ಣು ಒಮ್ಮೆ ಲೈನರಿನ ಹಿಂದೆ ಹೋಗಿ ಕೂತರೆ, ಮಳೆ ನಿಂತು ವಾರ ಕಳೆದರೂ ಅದು ಒಣಗುವುದಿಲ್ಲ. ಗಾಡಿ ಶೆಡ್ಡಿನಲ್ಲಿ ನಿಂತಿದ್ದರೂ ತುಕ್ಕು ತನ್ನ ಪಾಡಿಗೆ ನಡೆದೇ ಇರುತ್ತೆ.

ಇನ್ನೊಂದು ವಿಷಯ ತುಂಬಾ ಜನ ಗಮನಿಸೋದಿಲ್ಲ. ತುಕ್ಕಿಗೆ ಗಾಳಿ ಬೇಕು ಅಂತ ಶಾಲೆಯಲ್ಲಿ ಓದಿದ್ದೇವೆ, ಹಾಗಾದರೆ ಮಣ್ಣು ಮುಚ್ಚಿದ ಜಾಗ ಸುರಕ್ಷಿತ ಅಲ್ವಾ ಅನಿಸಬಹುದು. ಆಗುವುದು ಬೇರೆ. ಒಂದೇ ಒದ್ದೆ ತಗಡಿನ ಮೇಲೆ ಒಂದು ಕಡೆ ಗಾಳಿ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಇದ್ದರೆ, ಕಮ್ಮಿ ಗಾಳಿ ಇರುವ ಕಡೆಯ ಕಬ್ಬಿಣವೇ ಮೊದಲು ಕರಗುತ್ತೆ. ಮಣ್ಣು ಗಟ್ಟಿಯಾಗಿ ಮೆತ್ತಿಕೊಂಡ ಜಾಗದ ಅಡಿಯಲ್ಲೇ ತೂತು ಬೀಳೋದು ಇದೇ ಕಾರಣಕ್ಕೆ. ಹೊರಗೆ ಕಾಣುವ ಅಂಚು ಚೆನ್ನಾಗಿಯೇ ಇರುತ್ತೆ, ಒಳಗೆ ಜರಡಿ.

ಬರೀ ಬೀಚಿಗೆ ಗಾಡಿ ಇಳಿಸುವವರಿಗೆ ಈ ತೊಂದರೆ ಅಂದುಕೊಳ್ಳಬೇಡಿ. ಗೋಕರ್ಣಕ್ಕೆ ಮಾದನಗೇರಿ ಕಡೆಯಿಂದ ಹೋಗುವಾಗ ಸಾಣಿಕಟ್ಟಾದ ಉಪ್ಪಿನ ಆಗರದ ಪಕ್ಕದಲ್ಲೇ ಹೋಗುತ್ತೇವೆ. ರಾಷ್ಟ್ರೀಯ ಹೆದ್ದಾರಿ 66 ಕಾರವಾರದಲ್ಲಿ ಸಮುದ್ರದ ದಂಡೆಗೆ ಅಂಟಿಕೊಂಡೇ ಇದೆ. ಮೀನಿನ ಲಾರಿಗಳಿಂದ ಸುರಿಯುವ ಉಪ್ಪುನೀರು ರಸ್ತೆ ಮೇಲೆ ಗೆರೆ ಎಳೆದಿರುತ್ತೆ. ಆ ಲಾರಿಯ ಹಿಂದೆ ಐದು ನಿಮಿಷ ಹೋದರೆ ಸಾಕು, ಆ ನೀರು ನಮ್ಮ ವೀಲ್ ಆರ್ಚಿನಲ್ಲಿ ಇರುತ್ತೆ.

ಈಗ ಹಿಂದಿನ ಎಡಗಡೆಯ ಲೈನರ್ ಬಿಚ್ಚಿದಾಗ ಕಂಡದ್ದು. ಮೊದಲ ನಾಲ್ಕು ಸ್ಕ್ರೂ ತಿರುಗಲೇ ಇಲ್ಲ, ತಲೆ ಮುರಿದು ಬಂತು. ಲೈನರ್ ಕೆಳಗೆ ಎಳೆದಾಗ ಅದರ ಜೊತೆ ಒಂದು ಬುಟ್ಟಿಯಾಗುವಷ್ಟು ಮಣ್ಣು ಹೆಂಟೆ ಹೆಂಟೆಯಾಗಿ ಬಿತ್ತು. ಮೇಲಿನ ಪದರ ಕೆಂಪು, ಒಣ. ಅದನ್ನು ಒಡೆದರೆ ಒಳಗೆ ಕಪ್ಪು, ಒದ್ದೆ. ಅದು ಮೇ ತಿಂಗಳು, ವಾರಗಟ್ಟಲೆ ಗಾಡಿಗೆ ನೀರು ಸೋಕಿರಲಿಲ್ಲ, ಆದರೂ ಒದ್ದೆ! ಮಣ್ಣಿನೊಳಗೆ ಮರಳು, ಗಾಳಿಮರದ ಸೂಜಿಯಂಥ ಎಲೆಗಳು, ಎರಡು ಮೂರು ಸಣ್ಣ ಚಿಪ್ಪು. ಆ ಎಲೆಗಳೇ ಮಣ್ಣನ್ನು ಹೆಣೆದ ಹಾಗೆ ಹಿಡಿದುಕೊಂಡಿದ್ದವು, ಉದುರಿ ಬೀಳೋಕೆ ಬಿಟ್ಟಿರಲಿಲ್ಲ. ಲೈನರಿನ ಕೆಳತುದಿ ತಗಡಿಗೆ ಸೇರುವ ಜಾಗ ಪೂರ್ತಿ ಮುಚ್ಚಿಹೋಗಿ ಒಂದು ತೊಟ್ಟಿಯೇ ಆಗಿತ್ತು. ಮೇಲಿನಿಂದ ನೀರು ಒಳಗೆ ಬರುತ್ತೆ, ಕೆಳಗಿನಿಂದ ಹೋಗೋಕೆ ದಾರಿ ಇಲ್ಲ.

ತಗಡಿನ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿಯುತ್ತಾ ಹೋದೆ. ಇದು ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ, ಖರ್ಚಿಲ್ಲ. ಒಳ್ಳೆಯ ತಗಡು ಟಣ್ ಅನ್ನುತ್ತೆ. ತುಕ್ಕು ತಿಂದದ್ದು ಡಬ್ ಅಂತ ಸತ್ತ ಸದ್ದು ಕೊಡುತ್ತೆ. ಕಮಾನಿನ ಮೇಲ್ಭಾಗ ಟಣ್ ಟಣ್ ಅಂತಲೇ ಇತ್ತು, ಕೆಳಗೆ ಇಳಿಯುತ್ತಾ ಸದ್ದು ಬದಲಾಯಿತು. ಡಬ್ ಅಂದ ಕಡೆ ಸ್ಕ್ರೂಡ್ರೈವರಿನ ತುದಿ ಒತ್ತಿದರೆ ಹಾಗೇ ಒಳಗೆ ಹೋಯಿತು. ಅದರ ಆಚೆ ಬದಿಗೆ ಇರೋದು ನಾವು ಮಲಗುವ ಮಂಚದ ಪೆಟ್ಟಿಗೆಯ ಪ್ಲೈವುಡ್. ಮಂಚದಡಿಯ ಬಟ್ಟೆಗಳಿಗೆ ಮಳೆಗಾಲದಲ್ಲಿ ಬರುತ್ತಿದ್ದ ಮುಗ್ಗಲು ವಾಸನೆಗೆ ಕಾರಣ ಅಲ್ಲಿ ಸಿಕ್ಕಿತು.

ಸ್ಕ್ರೂ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಅರ್ಧ ಹಾನಿ ಅದರದ್ದೇ. ಲೈನರ್ ಕೂರಿಸಿದವರು ತಗಡಿಗೆ ಡ್ರಿಲ್ ಮಾಡಿ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ, ಅಂದರೆ ನಟ್ಟಿಲ್ಲದೆ ತಗಡನ್ನೇ ಕೊರೆದು ಹಿಡಿದುಕೊಳ್ಳುವಂಥದ್ದು, ಹೊಡೆದಿದ್ದರು. ಡ್ರಿಲ್ ಮಾಡಿದ ತೂತಿನ ಅಂಚಿಗೆ ಪೇಂಟ್ ಇಲ್ಲ, ಪ್ರೈಮರ್ ಇಲ್ಲ, ಬರೀ ಕಬ್ಬಿಣ. ಪ್ರತಿ ತೂತಿನ ಸುತ್ತ ರೂಪಾಯಿ ಅಗಲದ ತುಕ್ಕು. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗುತ್ತೆ, ಹಾಗಾಗಿ ಸುತ್ತಲಿನ ಪೇಂಟನ್ನು ಎತ್ತಿ ಹಾಕುತ್ತೆ, ಎತ್ತಿದ ಜಾಗಕ್ಕೆ ಮತ್ತೆ ನೀರು ಹೋಗುತ್ತೆ. ಹಾಗಂತ ಸ್ಟೇನ್‌ಲೆಸ್ ಸ್ಕ್ರೂ ಹಾಕಿದರೆ ಮುಗಿಯಿತು ಅನ್ನೋದೂ ಸರಿಯಲ್ಲ. ಉಪ್ಪುನೀರಿನಲ್ಲಿ ಸ್ಟೇನ್‌ಲೆಸ್ ಮತ್ತು ಸಾದಾ ಕಬ್ಬಿಣ ಒಂದಕ್ಕೊಂದು ತಾಗಿಕೊಂಡಿದ್ದರೆ ಸ್ಕ್ರೂ ಹೊಳೆಯುತ್ತಲೇ ಇರುತ್ತೆ, ಸುತ್ತಲಿನ ತಗಡು ಕರಗುತ್ತೆ. ಮಧ್ಯೆ ರಬ್ಬರ್ ಅಥವಾ ನೈಲಾನ್ ವಾಷರ್ ಇರಲೇಬೇಕು, ತೂತಿನ ಅಂಚಿಗೆ ಪ್ರೈಮರ್ ಹಚ್ಚಿರಬೇಕು.

ಈ ಚರ್ಚೆಯಲ್ಲಿ ಅಮೆರಿಕದ ಗಾಡಿಗಳ ಉದಾಹರಣೆ ಕೊಡುವವರಿದ್ದಾರೆ. ಅಲ್ಲಿ 1973ರಿಂದ 1978ರವರೆಗೆ ಬಂದ ಜಿಎಂಸಿ ಮೋಟರ್‌ಹೋಮ್ ತುಂಬಾ ಹೆಸರಾದದ್ದು. ನಮ್ಮ ಮೆಟಡೋರಿನ ಹಾಗೆ ಅದೂ ಮುಂದಿನ ಚಕ್ರಕ್ಕೆ ಶಕ್ತಿ ಕೊಡುವ ಗಾಡಿ. ಎಂಜಿನ್ ಓಲ್ಡ್ಸ್‌ಮೊಬೈಲ್ ಟೊರೊನಾಡೋ ಕಾರಿನದು, ಮೊದಲ ವರ್ಷಗಳಲ್ಲಿ ಏಳೂವರೆ ಲೀಟರಿನ ವಿ8. ಅಷ್ಟು ದೊಡ್ಡ ಪೆಟ್ರೋಲ್ ಎಂಜಿನ್ ಮುಂದಿನ ಎರಡು ಚಕ್ರದ ನಡುವೆ ಕೂತಾಗ ಬಿಸಿಯೇ ದೊಡ್ಡ ಚಿಂತೆ. ಮುಂದಿನ ಲೈನರ್ ತೆಗೆದರೆ ಬಿಸಿ ಗಾಳಿ ಹೊರಗೆ ಹೋಗೋಕೆ ದಾರಿಯಾಗುತ್ತೆ ಅನ್ನುವ ವಾದ ಅಲ್ಲಿಗೆ ಹೊಂದುತ್ತೆ. ಅದರ ಬಾಡಿಯ ಹೊರಮೈಯೂ ಅಲ್ಯುಮಿನಿಯಂ ಮತ್ತು ಫೈಬರ್‌ಗ್ಲಾಸ್. ನಮ್ಮ ತಗಡಿನ ಹಾಗೆ ಅದು ತುಕ್ಕು ಹಿಡಿದು ಜರಡಿಯಾಗೋದಿಲ್ಲ. ಅವರ ಲೆಕ್ಕ ನಮಗೆ ತಂದು ಹಾಕಿಕೊಂಡರೆ ಮುಂದಿನದು ತೆಗೆದು ಹಿಂದಿನದು ಇಟ್ಟುಕೊಂಡ ಹಾಗಾಗುತ್ತೆ. ನಮಗೆ ಬೇಕಾದದ್ದು ಅದರ ತದ್ವಿರುದ್ಧ.

ಮುಂದಿನ ಲೈನರ್ ಯಾಕೆ ಬೇಕು ಅಂದರೆ, ಅದರ ಹಿಂದೆ ಇರೋದು ಬರೀ ತಗಡಲ್ಲ. ಮೆಟಡೋರಿನಲ್ಲಿ ಎಂಜಿನ್ ಡ್ರೈವರ್ ಪಕ್ಕದಲ್ಲೇ ಪೆಟ್ಟಿಗೆಯೊಳಗೆ ಇರುತ್ತೆ. ಆಲ್ಟರ್ನೇಟರ್, ಬೆಲ್ಟು, ಹೆಡ್‌ಲೈಟಿನ ವೈರಿಂಗು ಎಲ್ಲ ಆ ಸುತ್ತಮುತ್ತಲೇ. ಮಳೆಗಾಲದಲ್ಲಿ ಹೊಂಡಕ್ಕೆ ಇಳಿದಾಗ ಮುಂದಿನ ಟೈರು ಎಬ್ಬಿಸುವ ಕೆಸರು ನೀರು ನೇರ ಅಲ್ಲಿಗೇ. ಬೆಲ್ಟು ಒದ್ದೆಯಾದರೆ ಜಾರುತ್ತೆ, ಜಾರಿದರೆ ಚಾರ್ಜಿಂಗ್ ಇಳಿಯುತ್ತೆ, ರಾತ್ರಿ ಹೊತ್ತು ವೈಪರ್, ಲೈಟು ಎರಡೂ ಹಾಕಿಕೊಂಡು ಅರಬೈಲ್ ಘಟ್ಟ ಇಳಿಯುವಾಗ ಅದು ಆಗಬಾರದು. ವೈರಿನ ಕನೆಕ್ಟರ್ ಒಳಗೆ ಉಪ್ಪುನೀರು ಹೋದರೆ ತಾಮ್ರ ಹಸಿರಾಗಿ, ಲೈಟು ಮಿಣುಕೋಕೆ ಶುರು ಮಾಡುತ್ತೆ, ಎಲ್ಲಿ ತೊಂದರೆ ಅಂತ ಹುಡುಕೋದೇ ದಿನದ ಕೆಲಸ. ಇದಕ್ಕೆ ಹೋಲಿಸಿದರೆ ತುಕ್ಕು ನಿಧಾನದ ಶತ್ರು, ಅದನ್ನು ನೋಡಿಕೊಳ್ಳೋಕೆ ಸಮಯ ಇರುತ್ತೆ.

ಜೊತೆಗೆ ಮುಂದಿನ ಚಕ್ರ ತಿರುಗುತ್ತೆ. ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿದರೆ ಒಳಗೆ ಕೈ ಹಾಕಿ ತೊಳೆಯೋಕೆ ಜಾಗ ಸಿಗುತ್ತೆ, ಟಾರ್ಚ್ ಹಾಕಿ ನೋಡೋಕೂ ಆಗುತ್ತೆ. ಹಿಂದೆ ಆ ಅನುಕೂಲ ಇಲ್ಲ. ಚಕ್ರ ಬಿಚ್ಚದೆ ಅಲ್ಲಿ ಏನೂ ಕಾಣೋದಿಲ್ಲ. ಹಿಂದಿನ ಚಕ್ರಕ್ಕೆ ಡ್ರೈವ್ ಇಲ್ಲದ್ದರಿಂದ ಲೈನರ್ ಕಾಪಾಡಬೇಕಾದ ಯಂತ್ರ ಭಾಗಗಳೂ ಅಲ್ಲಿ ಕಮ್ಮಿ. ಬ್ರೇಕ್ ಪೈಪು ಒಂದಿದೆ. ಅದು ಉಕ್ಕಿನ ಪೈಪು, ತುಕ್ಕು ಹಿಡಿದರೆ ಪ್ರಾಣಕ್ಕೇ ಸಂಚಕಾರ. ಅದು ಲೈನರಿನ ಹಿಂದೆ ಅಡಗಿರುವುದಕ್ಕಿಂತ ಕಣ್ಣಿಗೆ ಕಾಣುವ ಹಾಗಿರೋದೇ ನನಗೆ ಸಮಾಧಾನ.

ಮುಂದಿನ ಲೈನರ್ ಮತ್ತೆ ಕೂರಿಸುವಾಗ ಮೂರು ಬದಲಾವಣೆ ಮಾಡಿಸಿದೆ. ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಬದಲು ನಟ್ಟು ಬೋಲ್ಟು, ಎರಡೂ ಬದಿಗೆ ದಪ್ಪ ರಬ್ಬರ್ ವಾಷರ್, ನಟ್ಟಿಗೆ ಗ್ರೀಸ್. ಲೈನರ್ ಮತ್ತು ತಗಡಿನ ನಡುವೆ ಬೆರಳು ತೂರುವಷ್ಟು ಸಂದು, ಗಾಳಿಯಾಡಲಿ ಅಂತ. ಕೆಳತುದಿಯಲ್ಲಿ ಅಂಟಿಸದೆ ತೆರೆದೇ ಬಿಟ್ಟದ್ದು, ಬಂದ ನೀರು ಇಳಿದು ಹೋಗಲಿ ಅಂತ. ಸಂದು ಬಿಡುವಾಗ ಒಂದು ಎಚ್ಚರ ಬೇಕು. ಲೈನರ್ ಅಷ್ಟು ಕೆಳಗೆ ಬರುತ್ತೆ, ಟೈರು ತಾಗಬಹುದು. ನೀರಿನ ಟಾಕಿ ತುಂಬಿಸಿ, ಸಾಮಾನು ಹೇರಿ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಬೇಕು. ನೂರು ಲೀಟರ್ ನೀರು ಅಂದರೆ ನೂರು ಕಿಲೋ, ಖಾಲಿ ಗಾಡಿಯಲ್ಲಿ ನೋಡಿದ ಅಂತರಕ್ಕೆ ಅರ್ಥವೇ ಇಲ್ಲ.

ಹಿಂದಿನ ಕೆಲಸ ದೊಡ್ಡದು. ಮೊದಲು ಗ್ಯಾಸ್ ಸಿಲಿಂಡರ್ ಗಾಡಿಯಿಂದ ಹೊರಗೆ, ದೂರಕ್ಕೆ. ಹಾಸಿಗೆ, ಮಂಚದ ಪ್ಲೈವುಡ್ ಎಲ್ಲ ಬಿಚ್ಚಿ ತೆಗೆದದ್ದು, ಎರಡೂ ಬ್ಯಾಟರಿಯ ಟರ್ಮಿನಲ್ ಕಳಚಿದ್ದು. ಮನೆಯಾಗಿರುವ ಗಾಡಿಗೆ ವೆಲ್ಡಿಂಗ್ ಹಚ್ಚುವ ಮೊದಲು ಇದನ್ನು ಯಾರೂ ಬಿಡಬೇಡಿ, ತಗಡಿನ ಈಚೆ ಕಿಡಿ, ಆಚೆ ಫೋಮು. ಕೊಳೆತ ಭಾಗ ಪೂರ್ತಿ ಕತ್ತರಿಸಿ 18 ಗೇಜಿನ ಶೀಟು, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪದ್ದು, ಬೆಸುಗೆ ಹಾಕಿಸಿದೆವು. ತುಕ್ಕಿನ ಮೇಲೇ ಪುಟ್ಟಿ ಮೆತ್ತಿ ಪೇಂಟ್ ಹೊಡೆದುಕೊಡುವವರೂ ಇದ್ದಾರೆ, ಅದು ಒಂದು ಮಳೆಗಾಲಕ್ಕೂ ಬರೋದಿಲ್ಲ. ಉಳಿದ ಕಡೆ ವೈರ್ ಬ್ರಷ್ ಹಾಕಿ ಉಜ್ಜಿ, ಉಳಿದ ತುಕ್ಕನ್ನು ಗಟ್ಟಿ ಪದರವಾಗಿಸುವ, ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿ, ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್. ಬರೀ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು ಬಿಡಬೇಡಿ, ಅದರ ಮೂಲಕ ತೇವ ನಿಧಾನಕ್ಕೆ ಒಳಗೆ ಹೋಗುತ್ತೆ, ಮೇಲೆ ಇನ್ನೊಂದು ಪದರ ಬೇಕೇ ಬೇಕು. ಜೋಡಣೆಗಳಿಗೆಲ್ಲ ಸೀಮ್ ಸೀಲರ್, ಕೊನೆಗೆ ಕಲ್ಲಿನ ಹೊಡೆತ ತಡೆಯೋಕೆ ರಬ್ಬರಿನಂಥ ಅಂಡರ್‌ಕೋಟ್. ಚೆನ್ನಾಗಿ ಒಣಗಿದ ತಗಡಿಗೆ ಮಾತ್ರ ಅಂಡರ್‌ಕೋಟ್ ಹೊಡೆಸಿ. ಒದ್ದೆ ಮೇಲೆ ಹೊಡೆದರೆ ಅದೂ ಲೈನರಿನ ಕೆಲಸವನ್ನೇ ಮಾಡುತ್ತೆ, ತೇವವನ್ನು ಒಳಗೇ ಕೂಡಿಹಾಕುತ್ತೆ. ಅದಕ್ಕೇ ಈ ಕೆಲಸ ಏಪ್ರಿಲ್, ಮೇ ಬಿಸಿಲಿನಲ್ಲೇ ಆಗಬೇಕು.

ಲೈನರ್ ತೆಗೆದದ್ದರಿಂದ ನಷ್ಟ ಇಲ್ಲವೇ? ಇದೆ. ಸದ್ದು ಜಾಸ್ತಿಯಾಗಿದೆ. ಜಲ್ಲಿ ರಸ್ತೆಯಲ್ಲಿ ಹಿಂದೆ ಕೂತವರು ಮಾತಾಡೋಕೆ ಗಂಟಲು ಏರಿಸಬೇಕು. ಮಂಚದ ಪೆಟ್ಟಿಗೆಯ ಒಳಗಿನಿಂದ, ಅಂದರೆ ಒಣ ಬದಿಗೆ, ಸದ್ದು ತಡೆಯುವ ಬ್ಯೂಟೈಲ್ ಶೀಟ್ ಅಂಟಿಸಿದ ಮೇಲೆ ಸುಮಾರಾಗಿ ಇಳಿದಿದೆ. ಇನ್ನೊಂದು ನಷ್ಟ, ಟೈರು ಒಡೆದಾಗಿನ ಅಪಾಯ. ಓಡುವಾಗ ಟೈರು ಕಿತ್ತುಬಂದರೆ ರಬ್ಬರಿನ ಪಟ್ಟಿ ಚಾಟಿ ಬೀಸಿದ ಹಾಗೆ ವೀಲ್ ಆರ್ಚಿಗೆ ಹೊಡೆಯುತ್ತೆ. ತೆಳು ಫೈಬರ್ ಲೈನರ್ ಆ ಹೊಡೆತ ತಡೆಯುತ್ತೆ ಅನ್ನುವ ನಂಬಿಕೆ ನನಗಿಲ್ಲ, ಆದರೂ ಒಂದು ಪದರ ಕಮ್ಮಿಯಾದದ್ದು ನಿಜ. ಅದಕ್ಕೆ ಆ ಕಮಾನಿನ ಹತ್ತಿರ ಹಾದುಹೋಗುತ್ತಿದ್ದ ವೈರು, ನೀರಿನ ಪೈಪು ಎಲ್ಲ ಬೇರೆ ದಾರಿಗೆ ತಿರುಗಿಸಿದೆ. ಗ್ಯಾಸಿನ ಪೈಪಂತೂ ಲೈನರ್ ಇರಲಿ ಬಿಡಲಿ, ಚಕ್ರದ ಹತ್ತಿರ ಸುಳಿಯಲೇಬಾರದು. ಟೈರಿನ ವಯಸ್ಸೂ ನೋಡಿಕೊಳ್ಳಿ, ಇಂಥ ಗಾಡಿಗಳು ಓಡೋದು ಕಮ್ಮಿ, ನಿಲ್ಲೋದು ಜಾಸ್ತಿ, ಅಚ್ಚು ಸವೆಯದಿದ್ದರೂ ರಬ್ಬರು ಬಿಸಿಲಿಗೆ ಬಿರುಕು ಬಿಟ್ಟಿರುತ್ತೆ.

ತೊಳೆಯುವ ಬಗ್ಗೆ. ಲೈನರ್ ತೆಗೆದದ್ದರ ಲಾಭ ಸಿಗೋದು ತೊಳೆದರೆ ಮಾತ್ರ. ಬೀಚಿನ ಕಡೆ ಹೋಗಿಬಂದ ದಿನವೇ ಪೈಪು ಹಿಡಿದು ಸಿಹಿನೀರು ಬಿಡಬೇಕು, ಮಣ್ಣು ಕರಗಿ ನೀರು ತಿಳಿಯಾಗಿ ಇಳಿಯುವ ತನಕ. ಸಿಹಿನೀರು ಅಂತ ಒತ್ತಿ ಹೇಳೋಕೆ ಕಾರಣ ಇದೆ. ನದಿ ಸಮುದ್ರ ಸೇರುವ ಕಡೆಯ ಊರುಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ಎಷ್ಟೋ ಬಾವಿಯ ನೀರು ಉಪ್ಪಾಗಿರುತ್ತೆ. ಅದರಲ್ಲಿ ತೊಳೆದರೆ ಗಾಡಿಗೆ ಮತ್ತೆ ಉಪ್ಪು ಹಚ್ಚಿದ ಹಾಗೇ. ನಾಲಿಗೆಗೆ ಒಂದು ಹನಿ ಹಾಕಿ ನೋಡಿ, ಗೊತ್ತಾಗುತ್ತೆ. ವಾಟರ್ ಸರ್ವಿಸ್‌ಗೆ ಕೊಡುವುದಾದರೆ ಜೋರು ಪ್ರೆಶರನ್ನು ಜೋಡಣೆಗಳಿಗೆ, ಬೇರಿಂಗ್ ಕಡೆಗೆ ನೇರ ಹಿಡಿಯಬೇಡಿ ಅಂತ ಹೇಳಿ. ಹಳೇ ಗಾಡಿಯ ಸೀಲು ಆ ಹೊಡೆತ ತಡೆಯೋದಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯೇ ಗಾಡಿ ಇಟ್ಟುಕೊಂಡು, ಕೆಳಗೆ ಸಮುದ್ರದ ಕಡೆ ವರ್ಷಕ್ಕೊಮ್ಮೆ ಬರುವವರಾದರೆ ನಾಲ್ಕೂ ಲೈನರ್ ಇಟ್ಟುಕೊಳ್ಳಿ, ಚಿಕ್ಕಪ್ಪ ಹೇಳಿದ್ದೇ ಸರಿ. ಆದರೆ ಮಳೆಗಾಲ ಮುಗಿದ ಮೇಲೆ, ದೀಪಾವಳಿ ಹೊತ್ತಿಗೆ, ಒಮ್ಮೆಯಾದರೂ ಬಿಚ್ಚಿ ಮಣ್ಣು ತೆಗೆಯಿರಿ. ಬಾಡಿಯೇ ಫೈಬರಿನದಾಗಿದ್ದರೆ ನಿಮ್ಮ ಚಿಂತೆ ಕಮ್ಮಿ, ಚಾಸಿ ಮತ್ತು ಬ್ರೇಕ್ ಪೈಪು ಮಾತ್ರ ನೋಡಿಕೊಂಡರೆ ಸಾಕು.

ನನ್ನ ಗಾಡಿಗೆ ಈಗ ಮಾಡಿಸೋಕೆ ಉಳಿದಿರುವುದು ಹಿಂದಿನ ಮಡ್‌ಫ್ಲಾಪ್, ಅಂದರೆ ಟೈರಿನ ಹಿಂದೆ ನೇತಾಡುವ ರಬ್ಬರ್ ಪರದೆ. ಲೈನರ್ ಇಲ್ಲದ ಮೇಲೆ ಅದು ಅಗಲವಾಗಿ, ಉದ್ದವಾಗಿ ಇರಲೇಬೇಕು, ಟೈರಿನ ಅಗಲಕ್ಕಿಂತ ಎರಡೂ ಕಡೆ ಸ್ವಲ್ಪ ಹೊರಗೆ ಬರುವಷ್ಟು. ಲಾರಿಯವರು ಹಾಕಿಸುವ ದಪ್ಪ ರಬ್ಬರ್ ಶೀಟು ತಂದಿದ್ದೇನೆ. ಅಂಕೋಲಾದ ಗೆಳೆಯರು ಮಳೆ ಹಿಡಿಯುವ ಮೊದಲು ಕತ್ತರಿಸಿ ಕೂರಿಸಿಕೊಡುತ್ತೇನೆ ಅಂದಿದ್ದಾರೆ, ತಗಡಿಗೆ ಹೊಸ ತೂತು ಹಾಕದೆ, ಚಾಸಿಯಲ್ಲಿ ಮೊದಲೇ ಇರುವ ಬೋಲ್ಟಿಗೇ.